ಲಕ್ಕಮ್ಮ ಪಿಗ್ಮಿ ತುಂಬುತ್ತಿದ್ದಳೇ?

ನಾನು ಹುಬ್ಬಳ್ಳಿಯಲ್ಲಿ ಪಿಗ್ಮಿ ಕೂಡಿಸುವ ಕೆಲಸ ಮಾಡಿ ಬಿಟ್ಟವನು. ಶರಣರ ವಿಚಾರ ಬರೆಯಲು ಇವನಿಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಒಂದೇ ಇದೆ. ಜನ ಮಠಕ್ಕೆ ಬರುವಾಗ ತಲೆ ಬಾಚಿಕೊಂಡು, ವಿಭೂತಿ ಹಚ್ಚಿಕೊಂಡು ಬರುತ್ತಾರೆ. ಪಿಗ್ಮಿಯವನು ಹೋಗುವಾಗ ಅವರು ಇದ್ದಂತೆ ಇರುತ್ತಾರೆ. ಯಾವ ಮನೆಯಲ್ಲಿ ರೊಕ್ಕ ಸಾಸಿವೆ ಡಬ್ಬಿಯಿಂದ ಬರುತ್ತದೆ, ಎಲ್ಲಿ ದೇವರ ಫೋಟೊದ ಹಿಂದಿನಿಂದ ಬರುತ್ತದೆ, ಎಲ್ಲಿ ಗಂಡ ಆಚೆ ಹೋದ ಮೇಲಷ್ಟೇ ಬರುತ್ತದೆ ಎಂಬುದು ನಮಗೆ ಗೊತ್ತು.

ಪಿಗ್ಮಿ ನಮ್ಮ ಕನ್ನಡ ನಾಡಿನದೇ ಕೂಸು. ಕರಾವಳಿಯ ಕೈಮಗ್ಗದ ನೇಕಾರರು ಕಂಗೆಟ್ಟಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈ 1928ರಲ್ಲಿ ಪಿಗ್ಮಿ ಶುರು ಮಾಡಿಸಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ನೀವು ಬ್ಯಾಂಕಿಗೆ ಬರುವುದೂ ಬೇಡ, ಬ್ಯಾಂಕೇ ನಿಮ್ಮ ಬಾಗಿಲಿಗೆ ಬರುತ್ತದೆ ಎಂಬ ಏರ್ಪಾಡು. ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಊರೂರಿನ ಸಹಕಾರಿ ಸಂಘಗಳಲ್ಲಿ ಇನ್ನೂ ಓಡಾಡಿಕೊಂಡಿದೆ.

ಆ ಎರಡಾಣೆ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಕುತೂಹಲವಾಗಿತ್ತು. ನಾನು ದಿನವೂ ಸುತ್ತುತ್ತಿದ್ದ ಮನೆಗಳ ಸಾಲಿನಲ್ಲಿ ಹೆಚ್ಚಿನವರು ಮನೆ ನಡೆಸುವ ಹೆಂಗಸರು. ಕೈಗೆ ಬರುವುದು ಸಂತೆಯ ರೊಕ್ಕ ಅಷ್ಟೇ, ಅದರಲ್ಲೇ ಉಳಿಸಬೇಕು. ಹಾಗಾಗಿ ಉಳಿಕೆ ಎಲ್ಲ ಅಡುಗೆಮನೆಯಿಂದಲೇ ಹುಟ್ಟುತ್ತಿತ್ತು. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ, ಅದು ಕಟ್ಟಿನ ಸಾರಾಗುತ್ತದೆ (ಹಬ್ಬದ ಮರುದಿನ ಹೋಳಿಗೆ ಬೇಡ, ಸಾರು ಇದೆಯೇ ಎಂದು ಕೇಳುವವರಲ್ಲಿ ನಾನೂ ಒಬ್ಬ). ತಂಗಳು ರೊಟ್ಟಿ ಮುರಿದರೆ ಒಗ್ಗರಣೆ ರೊಟ್ಟಿ. ಹೀರೇಕಾಯಿಯ ಸಿಪ್ಪೆಗೆ ಚಟ್ನಿಯ ಯೋಗ. ಬೇಳೆಯನ್ನು ಮುಂಚೆಯೇ ನೆನೆಹಾಕಿದರೆ ಕುಕ್ಕರಿನ ಸೀಟಿ ಕಡಿಮೆ, ಸಿಲಿಂಡರು ಮುಂದಿನ ಸಂಬಳದವರೆಗೆ ಬರುತ್ತದೆ. ನಮ್ಮೂರಿನಲ್ಲಿ ನಳಕ್ಕೆ ನೀರು ದಿನವೂ ಬರುತ್ತಿರಲಿಲ್ಲ. ಹಾಗಾಗಿ ಬಟ್ಟೆ ಜಾಲಿಸಿದ ಕೊನೆಯ ನೀರು ಮೊದಲು ಅಂಗಳಕ್ಕೆ, ಉಳಿದದ್ದು ಸಂಡಾಸಿಗೆ. ಹಳೆಯ ಸೀರೆಗಳು ಕೌದಿಯಾಗುತ್ತಿದ್ದವು. ಕೌದಿ ಹರಿದರೆ ಅದರ ಮೇಲೇ ಇನ್ನೊಂದು ಸೀರೆ ಹೊದಿಸಿ ಹೊಲಿಯುತ್ತಿದ್ದರು. ಅಜ್ಜಿಯ ಸೀರೆ, ಅವ್ವನ ಸೀರೆ, ಸೊಸೆಯ ಸೀರೆ ಪದರ ಪದರವಾಗಿ ಒಂದೇ ಕೌದಿಯಲ್ಲಿ ಇರುವುದನ್ನು ನೋಡಿದ್ದೇನೆ.

ಶ್ರಾವಣದಲ್ಲಿ ಒಮ್ಮೆ ನನ್ನ ಸಾಲಿನ ಹಿರಿಯ ಹೆಂಗಸೊಬ್ಬರು ಮಠದ ಪ್ರವಚನ ಕೇಳಿಕೊಂಡು ಬಂದು, ಹತ್ತರ ನೋಟು ನನ್ನ ಕೈಯಲ್ಲಿಟ್ಟವರು ಅದನ್ನು ಬಿಡಲೇ ಇಲ್ಲ. ‘ತಮ್ಮಾ, ಆಯ್ದಕ್ಕಿ ಲಕ್ಕಮ್ಮ ನಿನ್ನ ಕಡೆ ಪಿಗ್ಮಿ ತುಂಬ್ತಿದ್ಲೇನು?’ ಎಂದರು.

ಲಕ್ಕಮ್ಮನ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹನ್ನೆರಡನೆಯ ಶತಮಾನದವಳು, ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯವಳು. ಗಂಡ ಮಾರಯ್ಯನದು ಕಲ್ಯಾಣದಲ್ಲಿ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಅಕ್ಕಿಯಿಂದ ದಾಸೋಹ, ಮಿಕ್ಕದ್ದರಲ್ಲಿ ಗಂಡಹೆಂಡಿರ ಊಟ. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಗದರಿಕೊಂಡಳು. ಇಷ್ಟು ಯಾಕೆ ಬೇಕಿತ್ತು, ಆಸೆ ನಮಗೆ ತಕ್ಕುದಲ್ಲ, ಹೋಗಿ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಸುರಿದು ಬಂದ.

ನಾಳೆಗೆಂದು ಹಿಡಿ ಅಕ್ಕಿ ಇಟ್ಟುಕೊಳ್ಳದವಳು ದಿನಕ್ಕೆ ಹತ್ತು ರೂಪಾಯಿ ನನ್ನ ಕೈಗೆ ಹಾಕುತ್ತಿದ್ದಳೇ? ಹಾಕುತ್ತಿರಲಿಲ್ಲ ಎಂದಾದರೆ ನನ್ನ ಸಾಲಿನ ಹೆಂಗಸರೆಲ್ಲ ಆಸೆಬುರುಕರೇ? ನಾಳೆಯನ್ನು ಶಿವನಿಗೆ ಬಿಡದೆ ಪಾಸ್‌ಬುಕ್ಕಿಗೆ ಒಪ್ಪಿಸಿದವರೇ? ಅಂದು ನಾನು ಉತ್ತರ ಕೊಡಲಿಲ್ಲ, ಮುಂದಿನ ಮನೆಗೆ ಹೊತ್ತಾಗುತ್ತಿತ್ತು. ಪ್ರಶ್ನೆ ಮಾತ್ರ ನನ್ನ ಸೈಕಲ್ಲಿನ ಹಿಂದೆ ಕೂತು ಓಣಿ ಓಣಿ ತಿರುಗಿತು.

ಕಥೆಯನ್ನು ಮತ್ತೆ ಮತ್ತೆ ಯೋಚಿಸಿದಾಗ ಮೊದಲು ಕಂಡದ್ದು ಮಾರಯ್ಯನ ಕಾಯಕ. ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆಯುವವನಿಗಿಂತ ದೊಡ್ಡ ಮಿತವ್ಯಯದವನು ಯಾರು? ಯಾರದೋ ಕಾಲಡಿ ಹಾಳಾಗುವ ಅನ್ನವನ್ನು ಎತ್ತಿ ಅದನ್ನೇ ದಾಸೋಹ ಮಾಡುವ ಕೆಲಸ ಅದು. ಹೀರೇಕಾಯಿ ಸಿಪ್ಪೆಯ ಚಟ್ನಿ, ಕಟ್ಟಿನ ಸಾರು, ಕೌದಿ ಎಲ್ಲವೂ ಅದೇ ಕುಲಕ್ಕೆ ಸೇರಿದವು. ಲಕ್ಕಮ್ಮ ಇವುಗಳನ್ನು ಆಕ್ಷೇಪಿಸುವವಳಲ್ಲ. ತನ್ನ ಪಾಲನ್ನು ಮೀರಿ ಅಂಗಳದಿಂದ ಬಂದದ್ದಕ್ಕೆ ಅವಳ ಆಕ್ಷೇಪ. ಆ ಹೆಚ್ಚಿನ ಅಕ್ಕಿಯನ್ನು ಇನ್ನಾರೋ ಆಯಬಹುದಿತ್ತು, ಹಕ್ಕಿ ತಿನ್ನಬಹುದಿತ್ತು. ಕಸ ಗುಡಿಸುವ ಕಾಯಕದ ಸತ್ಯಕ್ಕನೂ ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟಿ ಎತ್ತುವುದಿಲ್ಲ ಎಂದು ಆಣೆ ಇಟ್ಟವಳು. ಶರಣೆಯರ ಲೆಕ್ಕ ನನಗೆ ಬ್ಯಾಂಕಿನ ಲೆಕ್ಕಕ್ಕಿಂತ ಬಿಗಿಯಾಗಿ ಕಾಣುತ್ತದೆ. ರೊಕ್ಕ ಎಷ್ಟು ಎಂದು ಅವರು ಕೇಳುವುದೇ ಇಲ್ಲ, ಯಾರ ಪಾಲಿನದು ಎಂದು ಕೇಳುತ್ತಾರೆ.

ಈ ಲೆಕ್ಕ ಹಿಡಿದು ನನ್ನ ಸಾಲನ್ನು ನೋಡಿದಾಗ ಚಿತ್ರವೇ ಬದಲಾಯಿತು. ಒಂದು ದೊಡ್ಡ ಮನೆ ಇತ್ತು. ಆ ಮನೆಯ ಯಜಮಾನತಿ ಉಳಿತಾಯದಲ್ಲಿ ಓಣಿಗೇ ಪಾಠ ಹೇಳುವವರು. ಅರವತ್ತು ವಾಟಿನ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ಒಂಬತ್ತು ಯೂನಿಟ್, ಒಂಬತ್ತು ವಾಟಿನ ಎಲ್‌ಇಡಿ ಆದರೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ ಎಂದು ನನಗೆ ಲೆಕ್ಕ ಹಾಕಿ ತೋರಿಸಿದವರು ಅವರೇ. ಲೆಕ್ಕ ಸರಿಯಾಗಿತ್ತು. ಆದರೆ ಕೆಲಸದವಳು ಜ್ವರದಿಂದ ಎರಡು ದಿನ ತಪ್ಪಿಸಿದರೆ ಆ ಎರಡು ದಿನದ ಸಂಬಳ ಮುರಿಯುವುದೂ ಅವರ ಉಳಿತಾಯದಲ್ಲಿ ಸೇರಿತ್ತು. ಬುಟ್ಟಿ ಹೊತ್ತು ಬಂದ ಮುದುಕಿಯ ಹತ್ತಿರ ಮೆಂತೆಸೊಪ್ಪಿನ ಸಿವುಡಿಗೆ ಎರಡು ರೂಪಾಯಿ ಚೌಕಾಸಿ ಮಾಡಿ, ಮೇಲೆ ಕೊತ್ತಂಬರಿಯನ್ನು ಕೊಸರು ಎಂದು ಎತ್ತಿಕೊಳ್ಳುವುದೂ ಸೇರಿತ್ತು. ಅದೇ ಬಾಗಿಲಲ್ಲಿ ನನ್ನ ಕೈಗೆ ಬರುತ್ತಿದ್ದ ದಿನದ ಪಿಗ್ಮಿ ಉಳಿದ ಮನೆಗಳ ನಾಲ್ಕರಷ್ಟು. ಪಾಸ್‌ಬುಕ್ಕಿನಲ್ಲಿ ಬರೆಯುವಾಗ ಅದರಲ್ಲಿ ಬಲ್ಬಿನದು ಎಷ್ಟು, ಮುದುಕಿಯದು ಎಷ್ಟು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಬಲ್ಬಿನದಕ್ಕೆ ಲಕ್ಕಮ್ಮ ತಲೆದೂಗಿಯಾಳು. ಮುದುಕಿಯದನ್ನು ಬುಟ್ಟಿಗೇ ಸುರಿದು ಬಾ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

2023ರಲ್ಲಿ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದಾಗ ಈ ಲೆಕ್ಕಕ್ಕೆ ಇನ್ನೊಂದು ಪರೀಕ್ಷೆ ಸಿಕ್ಕಿತು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ ಹತ್ತು ಸೇರಿಸಿ, ತಿಂಗಳಿಗೆ ಇನ್ನೂರು ಯೂನಿಟ್ ಮೀರದಂತೆ, ಆಗ ಕರೆಂಟ್ ಪುಕ್ಕಟೆಯಾಯಿತು. ಬಿಲ್ಲು ಸೊನ್ನೆ. ಇಷ್ಟು ದಿನ ರೊಕ್ಕಕ್ಕಾಗಿ ದೀಪ ಆರಿಸಿದವರು ಇನ್ನು ಯಾಕೆ ಆರಿಸಬೇಕು? ಕೆಲವು ಮನೆಗಳಲ್ಲಿ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗತೊಡಗಿತು. ಆದರೆ ಮುಂಚಿನಂತೆಯೇ ಸ್ವಿಚ್ಚು ಒತ್ತಿ ಹೊರಬರುವ ಹೆಂಗಸರೂ ಇದ್ದರು. ಯಾಕೆ ಎಂದರೆ ‘ಸುಮ್ಮನ ಯಾಕ್ ಉರೀಬೇಕ್ರೀ’ ಎನ್ನುವರು. ಕಾಯಕ, ದಾಸೋಹ ಎಂಬ ಪದಗಳನ್ನು ಬಳಸದೆಯೇ ಅವರು ಆಡಿದ ಮಾತು ಮಾರಯ್ಯನದು. ವಸ್ತು ತನ್ನದಾದರೂ ಸರಿ, ಸರ್ಕಾರದ್ದಾದರೂ ಸರಿ, ಹಾಳಾಗಬಾರದು.

ನನ್ನ ಸಾಲಿನಲ್ಲಿ ಬೇರೆ ಧರ್ಮದವರೂ ಇದ್ದರು, ಅವರಿಂದ ಕಲಿತದ್ದೂ ಇದೆ. ಒಬ್ಬ ಜೈನ ಅರಿವೆ ವ್ಯಾಪಾರಿ ತಮ್ಮ ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ ಎಂದು ತಿಳಿಸಿದರು. ಹೊಲ, ಬಂಗಾರ, ರೊಕ್ಕ ಇಷ್ಟೇ ಸಾಕು ಎಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಗೆರೆಯನ್ನು ಆಸ್ತಿ ಬಂದ ಮೇಲೆ ಎಳೆಯಲು ಆಗುವುದಿಲ್ಲ, ಬರುವ ಮುಂಚೆಯೇ ಎಳೆಯಬೇಕು ಎಂದರು. ವ್ಯಾಪಾರಿಯ ಬಾಯಿಂದ ಬಂದ ಮಾತಾದ್ದರಿಂದ ನನಗೆ ಅದಕ್ಕೆ ತೂಕ ಹೆಚ್ಚು. ಪಂಕ್ಚರ್ ಅಂಗಡಿಯ ಮುಸ್ಲಿಂ ಗೆಳೆಯನೊಬ್ಬ ಪಿಗ್ಮಿ ತುಂಬುತ್ತಿದ್ದ, ಅವಧಿ ಮುಗಿದಾಗ ಅಸಲು ಇಟ್ಟುಕೊಂಡು ಬಡ್ಡಿಯಷ್ಟನ್ನು ಬಡವರಿಗೆ ಹಂಚಿಬಿಡುತ್ತಿದ್ದ. ಉಳಿಸುವುದು ತಪ್ಪಲ್ಲ, ಕೂತ ರೊಕ್ಕ ಮರಿ ಹಾಕಬಾರದು ಎಂಬುದು ಅವನ ನಂಬಿಕೆ. ಬಡ್ಡಿಯ ಆಸೆ ತೋರಿಸಿಯೇ ಖಾತೆ ತೆಗೆಸುತ್ತಿದ್ದ ನನಗೆ ಇದು ಇರುಸುಮುರುಸಿನ ವಿಷಯ.

ಹಾಗಾದರೆ ಹಿರಿಯ ತಾಯಿಯ ಪ್ರಶ್ನೆಗೆ ಏನುತ್ತರ? ಕಲ್ಯಾಣದ ಲಕ್ಕಮ್ಮ ಪಿಗ್ಮಿ ತುಂಬುತ್ತಿರಲಿಲ್ಲ. ತುಂಬುವ ಅಗತ್ಯವೇ ಅವಳಿಗಿರಲಿಲ್ಲ ಎಂಬುದನ್ನು ಪ್ರವಚನಕಾರರು ಹೇಳುವುದಿಲ್ಲ. ಅವಳ ಬೆನ್ನಿಗೆ ಮಹಾಮನೆ ಇತ್ತು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಅಲ್ಲಿ ದಾಸೋಹ ನಡೆಸುತ್ತಿದ್ದ. ಒಬ್ಬ ಶರಣ ಕಾಯಿಲೆ ಬಿದ್ದರೆ ಇನ್ನೊಬ್ಬನ ಮನೆಯ ಒಲೆ ಅವನದೂ ಆಗುತ್ತಿತ್ತು. ನಾಳೆಯ ಭಯವನ್ನು ಇಡೀ ಊರು ಹಂಚಿಕೊಂಡಾಗ ಒಬ್ಬೊಬ್ಬರೂ ಅದನ್ನು ಡಬ್ಬಿಯಲ್ಲಿ ಮುಚ್ಚಿಡಬೇಕಿಲ್ಲ. ನನ್ನ ಓಣಿಯ ಹೆಂಗಸಿಗೆ ಅಂಥ ಊರಿಲ್ಲ. ಮಗುವಿಗೆ ನಡುರಾತ್ರಿ ಜ್ವರ ಏರಿದರೆ ಅವಳಿಗಿರುವುದು ಅದೇ ಸಾಸಿವೆ ಡಬ್ಬಿ. ಅವಳ ಹತ್ತು ರೂಪಾಯಿಯನ್ನು ಆಸೆ ಎನ್ನುವುದಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಅವಳ ಖಾತೆಗೆ ಒಂದು ಹೆಸರೂ ಇರುತ್ತಿತ್ತು: ಮಗಳ ಕಾಲೇಜಿನ ಫೀಸು, ಅತ್ತೆಯ ಕಣ್ಣಿನ ಆಪರೇಷನ್, ಮಾಳಿಗೆ ಸೋರುವುದಕ್ಕೆ ತಗಡು. ಹೆಸರಿನ ಕೆಲಸ ಮುಗಿದಾಗ ಖಾತೆಯೂ ಮುಗಿಯುತ್ತಿತ್ತು. ದೊಡ್ಡ ಮನೆಯ ಖಾತೆಗೆ ಮಾತ್ರ ಯಾವ ಹೆಸರೂ ಇರಲಿಲ್ಲ. ಅವಧಿ ಮುಗಿದ ದಿನವೇ ಅದು ಮತ್ತೆ ಶುರು.

ಹಾಗಾಗಿ ಪ್ರವಚನ ಮಾಡುವ ಸ್ವಾಮಿಗಳಲ್ಲಿ ನನ್ನದೊಂದು ಬಿನ್ನಹ. ಲಕ್ಕಮ್ಮನ ಕಥೆಯನ್ನು ಹಿಂದೆ ಚಾಪೆಯ ಮೇಲೆ ಕೂತ ಹೆಂಗಸರ ಕಡೆ ತಿರುಗಿ ಹೇಳಬೇಡಿ, ಅವರು ಅದನ್ನು ಬದುಕಿಯೇ ಬಂದವರು. ಮುಂದಿನ ಸಾಲಿನ ಕುರ್ಚಿಗಳ ಕಡೆ ನೋಡಿ ಹೇಳಿ. ಓದುಗರಲ್ಲಿಯೂ ಒಂದು ಮಾತು: ನಿಮ್ಮ ಮನೆಗೂ ಪಿಗ್ಮಿಯವರು ಬರುತ್ತಿದ್ದರೆ ತಪ್ಪದೆ ತುಂಬಿ, ಅವರ ಹೊಟ್ಟೆಯೂ ಅದರಿಂದಲೇ ನಡೆಯುತ್ತದೆ. ಅದಕ್ಕೆ ಮುಂಚೆ ಕೆಲಸದವಳ ಮುರಿದ ಸಂಬಳವನ್ನು ಪೂರ್ತಿ ಕೊಟ್ಟುಬಿಡಿ.