ಅದೇ ನಾಯಿ ಎಂದರೆ ಯಾವುದು?

2005ರ ಏಪ್ರಿಲ್ 24ರಂದು ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ನಪ್ಪಿ ಜಗತ್ತಿನ ಮೊದಲ ತದ್ರೂಪಿ ನಾಯಿ. ತೈ ಎಂಬ ಅಫ್ಘನ್ ಹೌಂಡ್ ಗಂಡುನಾಯಿಯ ಕಿವಿಯ ಚರ್ಮದ ಜೀವಕೋಶದಿಂದ ಅದನ್ನು ರೂಪಿಸಲಾಗಿತ್ತು. ಹೊತ್ತು ಹೆತ್ತದ್ದು ಒಂದು ಲ್ಯಾಬ್ರಡಾರ್. ತಂಡದ ಮುಖ್ಯಸ್ಥ ಹ್ವಾಂಗ್ ವೂ-ಸುಕ್ ಮಾನವ ಕಾಂಡಕೋಶಗಳ ಬಗ್ಗೆ ಪ್ರಕಟಿಸಿದ್ದ ಸಂಶೋಧನೆ ಸುಳ್ಳೆಂದು ಬಯಲಾದರೂ, ಸ್ನಪ್ಪಿ ನಿಜವಾದ ತದ್ರೂಪಿಯೇ ಎಂದು ವಿಶ್ವವಿದ್ಯಾಲಯದ ತನಿಖೆ 2006ರಲ್ಲಿ ದೃಢಪಡಿಸಿತು. ಇಂದು ಕೊರಿಯಾ, ಅಮೆರಿಕಗಳಲ್ಲಿ ಹಣ ಕೊಟ್ಟವರಿಗೆ ಅವರ ಸಾಕುನಾಯಿಯ ತದ್ರೂಪಿ ಸಿಗುತ್ತದೆ. ಹೀಗೆ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದು ಮನೆಯ ಹೊಸ್ತಿಲಿಗೇ ಬಂದಿದೆ: ನಾವು ಪ್ರೀತಿಸುವುದು ಒಂದು ಜೀವದ ಗುಣಗಳನ್ನೋ, ಆ ಜೀವವನ್ನೋ? ಆ ಜೀವವನ್ನೇ ಎಂಬುದು ನನ್ನ ನಿಲುವು. ಆದ್ದರಿಂದಲೇ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಕೊಡಲಾರದು.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಅಫ್ಘನ್ ಹೌಂಡ್ ತಕ್ಕ ಜಾತಿ. ನಮ್ಮ ಮುಧೋಳ ನಾಯಿಯ ಹಾಗೆ ಇದೂ ಮೂಗಿಗಿಂತ ಕಣ್ಣನ್ನು ನಂಬಿ, ಓಡಿ ಬೇಟೆ ಹಿಡಿಯುವಂಥದ್ದು. ಬೆಟ್ಟದ ಚಳಿ ತಡೆಯುವ ರೇಷ್ಮೆಯಂಥ ಉದ್ದ ಕೂದಲು, ನೀಳ ಮೂತಿ, ಗತ್ತಿನ ನಡಿಗೆ 1920ರ ದಶಕದಲ್ಲಿ ಬ್ರಿಟಿಷರ ಕಣ್ಸೆಳೆದು ಇದನ್ನು ಪ್ರದರ್ಶನಗಳಿಗೂ ಅಲ್ಲಿಂದ ಮನೆಗಳಿಗೂ ತಂದವು. ಆದರೆ ಹೇಳಿದಂತೆ ಕೇಳುವುದು ಇದರ ಸ್ವಭಾವವಲ್ಲ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ ವಿಧೇಯತಾ ಸ್ಪರ್ಧೆಗಳ ತೀರ್ಪುಗಾರರ ಅಭಿಪ್ರಾಯ ಕೇಳಿ 1994ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಬೇಟೆಗಾರನನ್ನು ಹಿಂದೆ ಬಿಟ್ಟು ಓಡಿ, ತಾನೇ ನಿರ್ಧರಿಸಬೇಕಿದ್ದ ನಾಯಿ ಅಪ್ಪಣೆಗಾಗಿ ಕಾಯುವುದನ್ನು ಕಲಿಯಲಿಲ್ಲ. ಹೊಸಬರಿಂದ ದೂರವೇ ಉಳಿದು, ಮನೆಯವರೊಡನೆ ಮಾತ್ರ ಸಲುಗೆ ಬೆಳೆಸುತ್ತದೆ. ಬಿಡದೆ ಅದರ ಕೂದಲು ಬಾಚುವ ಕುಟುಂಬಕ್ಕೆ ಸಿಗುವ ದೊಡ್ಡ ಪ್ರತಿಫಲ ವಿಧೇಯತೆಯಲ್ಲ, ಅದು ಇವರನ್ನು ತನ್ನವರೆಂದು ನಿಧಾನವಾಗಿ ಒಪ್ಪಿಕೊಳ್ಳುವುದು. ಆ ಒಪ್ಪಿಗೆ ಇರುವುದು ಕೂಡಿ ಬಾಳಿದ ವರ್ಷಗಳಲ್ಲಿ. ಕಿವಿಯ ಚರ್ಮದಿಂದ ಅದನ್ನು ತೆಗೆಯಲಾಗದು.

ತದ್ರೂಪಿಯನ್ನು ಬಯಸುವವರು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಬೇಕಾದದ್ದು ಆ ಅಂದ, ಆ ಗತ್ತು ಮಾತ್ರವಾದರೆ ಅದೇ ಜಾತಿಯ ಬೇರೊಂದು ಮರಿ ಸಾಕು. ಬೇಕಾದದ್ದು ಆ ನಾಯಿಯೇ ಆದರೆ ತದ್ರೂಪಿ ಸಾಲದು. ಸ್ನಪ್ಪಿ ಹುಟ್ಟಿದಾಗ ತೈ ಬದುಕಿಯೇ ಇತ್ತು. ಎರಡೂ ಜೊತೆಗಿರುವ ಚಿತ್ರಗಳಿವೆ. ತೈ ಬದುಕಿದ್ದಾಗ ಬೇರೆಯಾಗಿದ್ದ ಸ್ನಪ್ಪಿ, ತೈ ಸತ್ತ ಗಳಿಗೆಯಲ್ಲಿ ತೈ ಆಗಿಬಿಡುವುದು ಹೇಗೆ? ವೇದಾಂತಿಗಳು ‘ಆ ದೇವದತ್ತನೇ ಇವನು’ ಎಂಬ ವಾಕ್ಯವನ್ನು ಉದಾಹರಣೆಯಾಗಿ ಕೊಡುತ್ತಾರೆ. ಅಂದು ಅಲ್ಲಿ ಕಂಡವನು ಇಂದು ಇಲ್ಲಿದ್ದಾನೆ. ಕಾಲ, ಸ್ಥಳ ಬದಲಾಗಿದ್ದರೂ ಆಸಾಮಿ ಒಬ್ಬನೇ. ತದ್ರೂಪಿಯಲ್ಲಿ ಇದು ತಿರುವುಮುರುವಾಗುತ್ತದೆ: ಲಕ್ಷಣಗಳೆಲ್ಲ ಹೊಂದಿದರೂ ಜೀವ ಬೇರೆ.

ಸ್ವಭಾವದ ಬೇರು ವಂಶವಾಹಿಗಳಲ್ಲೇ ಇದೆಯಲ್ಲ ಎಂದು ಕೇಳಬಹುದು. ಅದರಲ್ಲಿ ಹುರುಳಿದೆ; ಇಲ್ಲದಿದ್ದರೆ ತಳಿಯಿಂದ ತಳಿಗೆ ಸ್ವಭಾವ ಬೇರೆಯಾಗುತ್ತಿರಲಿಲ್ಲ. ಆದರೆ ಬೇರು ಒಂದೇ ಆದ ಮಾತ್ರಕ್ಕೆ ಬಾಳು ಒಂದೇ ಆಗುವುದಿಲ್ಲ. 2001ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿಗೆ ಮೂಲ ಬೆಕ್ಕಿನ ಮೈಬಣ್ಣ ಕೂಡ ಬರಲಿಲ್ಲ. ತನ್ನ ನಾಯಿಯ ತದ್ರೂಪಿಗಳನ್ನು ಮಾಡಿಸಿಕೊಂಡ ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್, ಮರಿಗಳ ಸ್ವಭಾವ ಬೇರೆಬೇರೆಯೆಂದು 2018ರಲ್ಲಿ ತಾವೇ ಹೇಳಿದರು. ಸ್ವಭಾವವೂ ಪೂರ್ತಿ ಹೊಂದಿತೆಂದೇ ಇಟ್ಟುಕೊಳ್ಳೋಣ. ಆಗಲೂ ಆ ಮರಿ ಈ ಮನೆಯ ಮಕ್ಕಳೊಡನೆ ಬೆಳೆದದ್ದಲ್ಲ, ಅವರ ಕಾಯಿಲೆಯಲ್ಲಿ ಮಂಚದ ಪಕ್ಕ ಮಲಗಿದ್ದಲ್ಲ.

ಇನ್ನೊಂದು ಆಕ್ಷೇಪ ಆಳವಾದದ್ದು. ಎಲ್ಲ ಜೀವಗಳಲ್ಲಿರುವ ಆತ್ಮ ಒಂದೇ ಎನ್ನುವವರಿಗೆ ಈ ನಾಯಿ, ಆ ನಾಯಿ ಎಂಬ ಭೇದವೇ ಮಾಯೆಯಲ್ಲವೇ? ಇರಬಹುದು. ಆದರೆ ಅಷ್ಟು ಎತ್ತರದಲ್ಲಿ ನಿಂತವರಿಗೆ ಬೀದಿನಾಯಿಯೂ ಅದೇ ಆತ್ಮ. ಕಳೆದುಕೊಂಡ ರೂಪಕ್ಕಾಗಿ ಅವರು ಹಂಬಲಿಸುವುದಿಲ್ಲ. ಎಲ್ಲವೂ ಕ್ಷಣಕ್ಷಣಕ್ಕೂ ಬದಲಾಗುವ ಪ್ರವಾಹ ಎನ್ನುವ ಬೌದ್ಧರ ಪ್ರಕಾರವೂ ತದ್ರೂಪಿಯ ಪ್ರವಾಹ ಬೇರೆಯೇ. ಪುನರ್ಜನ್ಮವನ್ನು ನಂಬಿದರೂ, ಮುಂದಿನ ದೇಹವನ್ನು ಗೊತ್ತುಮಾಡುವುದು ಕರ್ಮವೇ ಹೊರತು ಯಜಮಾನನ ಬೇಡಿಕೆಯಲ್ಲ. ಯಾವ ದರ್ಶನದ ಹಾದಿ ಹಿಡಿದರೂ ತದ್ರೂಪಿಯಲ್ಲಿ ಹಳೆಯ ನಾಯಿ ಸಿಗುವುದಿಲ್ಲ.

ಇಷ್ಟಾದರೂ, ನೊಂದ ಕುಟುಂಬಕ್ಕೆ ಸಮಾಧಾನವಾದರೆ ತಪ್ಪೇನು ಎಂಬ ಪ್ರಶ್ನೆ ಉಳಿಯುತ್ತದೆ. ದುಃಖ ಹಗುರವಾದದ್ದಲ್ಲ, ಅದನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಸಮಾಧಾನದ ಬೆಲೆ ತೆರುವವರು ಯಾರು? ಸ್ನಪ್ಪಿಗಾಗಿ 1,095 ಭ್ರೂಣಗಳನ್ನು 123 ಹೆಣ್ಣುನಾಯಿಗಳ ಗರ್ಭಕ್ಕೆ ಸೇರಿಸಲಾಯಿತು. ಗರ್ಭ ನಿಂತದ್ದು ಮೂರಕ್ಕೆ. ಹುಟ್ಟಿದ ಎರಡು ಮರಿಗಳಲ್ಲಿ ಒಂದು 22 ದಿನಕ್ಕೆ ನ್ಯುಮೋನಿಯಾದಿಂದ ಸತ್ತಿತು. ತಂತ್ರ ಅಂದಿನಿಂದ ಸುಧಾರಿಸಿದೆ, ಆದರೂ ಬೇರೆ ನಾಯಿಗಳ ಅಂಡ, ಗರ್ಭಗಳಿಲ್ಲದೆ ಈ ಕೆಲಸ ನಡೆಯದು. ಒಂದು ನಾಯಿಯ ಮೇಲಿನ ಪ್ರೀತಿ ಉಳಿದ ನಾಯಿಗಳನ್ನು ಬರೀ ಸಾಧನವಾಗಿಸಿದರೆ, ಆ ಪ್ರೀತಿ ತನ್ನ ಅರ್ಥವನ್ನೇ ಮರೆತಂತೆ. ಹುಟ್ಟಿದ ತದ್ರೂಪಿಗೂ ಅನ್ಯಾಯವಾಗುತ್ತದೆ, ಅದರ ಬದುಕನ್ನು ಸತ್ತ ನಾಯಿಯೊಂದರ ಜೊತೆ ದಿನವೂ ತೂಗಲಾಗುತ್ತದೆ. ಅಗಲಿದ ನಾಯಿಗೆ ನಾವು ಸಲ್ಲಿಸಬೇಕಾದದ್ದು ಅದರ ಸಾವು ಸಾವೇ ಎಂಬ ಒಪ್ಪಿಗೆ. ಮುಂದೆ ಮನೆಗೆ ಬರುವ ಮರಿಗೆ ಸಲ್ಲಬೇಕಾದದ್ದು, ಯಾರ ಬದಲಿಯೂ ಆಗದೆ ತಾನಾಗಿಯೇ ಪ್ರೀತಿ ಪಡೆಯುವ ಹಕ್ಕು.