ಇಲ್ಲಿ ಸರಿಯಾಗೇ ಇದೆಯಲ್ಲ!

"ಅಣ್ಣಾ, ಇಂಜಿನ್ ಫ್ಯಾನು ಒಂದೊಂದ್ಸಲ ಸುಮ್‌ಸುಮ್ನೆ ಜೋರಾಗಿ ಕೂಗುತ್ತೆ. ಒಂದೊಂದ್ಸಲ ಘಾಟಿ ಹತ್ತುವಾಗ, ಬೇಕಾದಾಗಲೇ ತಿರುಗಲ್ಲ" ಅಂತ ಲಾರಿ ಡ್ರೈವರು ಹೇಳುತ್ತಾನೆ. ಮೆಕ್ಯಾನಿಕ್ಕು ಇಂಜಿನ್ ಸ್ಟಾರ್ಟ್ ಮಾಡಿಸಿ ಹತ್ತು ನಿಮಿಷ ನೋಡಿ, "ಇಲ್ಲಿ ಸರಿಯಾಗೇ ಇದೆಯಲ್ಲ!" ಅಂತಾನೆ. ಯಾವ ಗ್ಯಾರೇಜಿಗೆ ಹೋದರೂ ಕೇಳಿಸುವ ಮಾತು ಇದು. ನನ್ನನ್ನು ಕಾಡುವ ಪ್ರಶ್ನೆ ಇಷ್ಟೇ: ನಮ್ಮ ಕಣ್ಣಿಗೆ ಬೀಳದ ದೋಷವನ್ನು ಇನ್ನೊಬ್ಬ ಕಂಡೆ ಅಂದಾಗ, ಅವನಿಗೆ ನಾವು ಎಷ್ಟು ಋಣಿ?

ಫ್ಯಾನಿನ ವಿಷಯಕ್ಕೆ ಇಷ್ಟು ದೊಡ್ಡ ಪ್ರಶ್ನೆ ಯಾಕೆ ಅಂತೀರಾ? ಸ್ವಲ್ಪ ತಾಳಿ. ದೊಡ್ಡ ಲಾರಿಯ ಫ್ಯಾನು ಇಂಜಿನ್ನಿನ ಬಲದಿಂದಲೇ ತಿರುಗುತ್ತದೆ. ಪೂರ್ತಿ ವೇಗದಲ್ಲಿದ್ದಾಗ ಹತ್ತಾರು ಅಶ್ವಶಕ್ತಿ ಅದೊಂದೇ ನುಂಗಿಬಿಡುತ್ತದೆ. ಬೇಡದಿದ್ದಾಗಲೂ ತಿರುಗುತ್ತಿದ್ದರೆ ಡೀಸೆಲ್ ಖರ್ಚಾಗುತ್ತದೆ, ಮೈಲೇಜ್ ಬೀಳುತ್ತದೆ. ಆಗ ಮಾಲೀಕ ಫ್ಯಾನನ್ನು ಕೇಳುವುದಿಲ್ಲ, ಡ್ರೈವರನ್ನು ಕೇಳುತ್ತಾನೆ: "ಡೀಸೆಲ್ ಎಲ್ಲಿ ಮಾರಿದೆ?" ಕಮ್ಮಿ ಬಿದ್ದ ಲೀಟರುಗಳ ದುಡ್ಡು ಸಂಬಳದಲ್ಲಿ ಹಿಡಿಯುವ ಮಾಲೀಕರೂ ಇದ್ದಾರೆ. "ಸರಿಯಾಗೇ ಇದೆ" ಎಂಬ ಎರಡು ಪದ ಒಬ್ಬನನ್ನು ಕಳ್ಳನನ್ನಾಗಿ ಮಾಡಬಲ್ಲದು.

ನಮ್ಮ ಹಳೆಯ ತರ್ಕಪಂಡಿತರು ಈ ಜಾಗದಲ್ಲಿ ಬಹಳ ಎಚ್ಚರದಿಂದ ನಡೆದವರು. ಭಾಟ್ಟ ಮೀಮಾಂಸಕರು 'ಅನುಪಲಬ್ಧಿ'ಯನ್ನು, ಅಂದರೆ ಕಾಣದಿರುವುದನ್ನೂ, ಒಂದು ಪ್ರಮಾಣ ಎಂದು ಒಪ್ಪಿದರು. ಮೇಜಿನ ಮೇಲೆ ಚೊಂಬು ಕಾಣದಿದ್ದರೆ ಚೊಂಬು ಇಲ್ಲ. ಆದರೆ ಒಂದು ಷರತ್ತು: ಅದು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಅನ್ನುವ ಪರಿಸ್ಥಿತಿ ಇರಬೇಕು. ಕತ್ತಲ ಕೋಣೆಯಲ್ಲಿ ಚೊಂಬು ಕಾಣಲಿಲ್ಲ ಅಂತ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಹಾಗಾದರೆ ಖಾಲಿ ಲಾರಿ, ಮರದ ನೆರಳು, ನಿಂತ ಜಾಗ, ಹತ್ತು ನಿಮಿಷದ ಐಡ್ಲಿಂಗ್, ಇದು ಕತ್ತಲ ಕೋಣೆಯಲ್ಲದೆ ಮತ್ತೇನು? ಫ್ಯಾನು ಕೈಕೊಡುವುದು ಲೋಡ್ ಹೊತ್ತು ಶಿರಾಡಿ ಹತ್ತುವಾಗ.

ಇನ್ನೊಂದು ಮಜಾ ಇದೆ. ಹುಚ್ಚು ಹಿಡಿದಂತೆ ಕಾಣುವ ಫ್ಯಾನು ಎಷ್ಟೋ ಸಲ ನಿರಪರಾಧಿ. ಹೊಸ ಗಾಡಿಗಳಲ್ಲಿ ಅದರ ಕ್ಲಚ್ಚಿಗೆ ಆಜ್ಞೆ ಹೋಗುವುದು ಇಂಜಿನ್ನಿನ ಕಂಪ್ಯೂಟರಿನಿಂದ. ಆ ಕಂಪ್ಯೂಟರು ಕೂಲಂಟಿನ ಬಿಸಿಯೊಂದನ್ನೇ ನೋಡುವುದಿಲ್ಲ, ಟರ್ಬೊ ಕಡೆಯಿಂದ ಬರುವ ಗಾಳಿಯ ಬಿಸಿ, ಎಸಿ ಇದ್ದರೆ ಅದರ ಗ್ಯಾಸಿನ ಒತ್ತಡ ಎಲ್ಲ ನೋಡುತ್ತದೆ. ಎಸಿ ಕಂಡೆನ್ಸರಿಗೆ ಧೂಳು ಮೆತ್ತಿಕೊಂಡರೂ ಒತ್ತಡ ಏರಿ ಫ್ಯಾನು ಕೂಗಬಹುದು. ಕೂಲಂಟ್ ಕಮ್ಮಿಯಾಗಿ ಸೆನ್ಸರಿನ ಹತ್ತಿರ ಗಾಳಿ ಸೇರಿಕೊಂಡರೆ ಆಜ್ಞೆಯೇ ತಪ್ಪಾಗಿ ಹೋಗುತ್ತದೆ. ಇನ್ನು ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಎಣ್ಣೆಯ ಕ್ಲಚ್ಚು ಒಂದೆರಡು ನಿಮಿಷ ಗುಡುಗುವುದು ರೋಗವೇ ಅಲ್ಲ, ಒಳಗಿನ ಸಿಲಿಕೋನ್ ಎಣ್ಣೆ ತನ್ನ ಜಾಗಕ್ಕೆ ಹೋಗುವವರೆಗಿನ ಗಲಾಟೆ. ಹಾಗಾಗಿ ಮೊದಲು ಕೇಳಬೇಕಾದ್ದು, ಕಂಪ್ಯೂಟರು ಎಷ್ಟು ವೇಗ ಕೇಳಿತು, ಫ್ಯಾನು ಎಷ್ಟು ತಿರುಗಿತು ಅಂತ. ಸ್ಕ್ಯಾನರ್ ಹಾಕಿಕೊಂಡು, ಲೋಡ್ ಇರುವಾಗ, ಡ್ರೈವರನ್ನೇ ಓಡಿಸಲು ಬಿಟ್ಟು ಪಕ್ಕದಲ್ಲಿ ಕೂತರೆ ಎರಡೂ ಅಂಕಿ ಒಟ್ಟಿಗೆ ಕಾಣುತ್ತವೆ. ಎರಡೂ ಹೊಂದಿದರೆ ತಪ್ಪು ಆಜ್ಞೆಯ ಕಡೆ ಇದೆ, ಹೊಂದದಿದ್ದರೆ ಕ್ಲಚ್ಚು, ವೈರಿಂಗು.

ಇಷ್ಟೆಲ್ಲ ಮಾಡುವ ಪುರುಸೊತ್ತು ಯಾರಿಗಿದೆ? ನಿಜ. ಲೋಡ್ ಕಾಯುತ್ತಿರುತ್ತದೆ, ಇಎಂಐ ನಿಲ್ಲುವುದಿಲ್ಲ. ಅದಕ್ಕೇ ಎಷ್ಟೋ ಕಡೆ ಕ್ಲಚ್ಚನ್ನು ಲಾಕ್ ಮಾಡಿ ಫ್ಯಾನು 'ಡೈರೆಕ್ಟ್' ಕೊಟ್ಟುಬಿಡುತ್ತಾರೆ. ದಾರಿಯಲ್ಲಿ ಕೆಟ್ಟು ನಿಂತವನನ್ನು ಊರು ಮುಟ್ಟಿಸಲು ಅದು ಪುಣ್ಯದ ಕೆಲಸವೇ. ಮಾಲೀಕನಿಗೆ ಹೇಳದೆ ಹಾಗೇ ತಿಂಗಳುಗಟ್ಟಲೆ ಓಡಿಸಿದರೆ ಮಾತ್ರ ಬಿಲ್ಲು ಡ್ರೈವರಿನ ತಲೆಗೆ. ಅಂದಾಜಿನ ಮೇಲೆ ದುಬಾರಿ ಕ್ಲಚ್ಚು ಬದಲಿಸಿ 'ಗ್ಯಾರಂಟಿ ಇದೇ' ಅನ್ನುವುದು ನನಗೆ ಇನ್ನೂ ಕೆಟ್ಟದ್ದಾಗಿ ಕಾಣುತ್ತದೆ. ಅಂದಾಜು ತಪ್ಪಲ್ಲ. ಅಂದಾಜನ್ನು ತಿಳಿವಳಿಕೆಯ ರೇಟಿಗೆ ಮಾರುವುದು ತಪ್ಪು.

ಡ್ರೈವರೇ ಸುಳ್ಳು ಹೇಳುತ್ತಿದ್ದರೆ? ಹೇಳಬಹುದು. ಡೀಸೆಲ್ ಮಾರುವವರು ಇಲ್ಲವೆಂದಲ್ಲ. ಆದರೆ ಅವನು ಸುಳ್ಳ ಅನ್ನುವುದಕ್ಕೂ ಪರೀಕ್ಷೆಯೇ ಬೇಕಲ್ಲ? ಅದು ಆಗದ ದಿನ ಜಾಬ್ ಕಾರ್ಡಿನಲ್ಲಿ 'ಫ್ಯಾನ್ ಓಕೆ' ಅಂತ ಗೀಚುವ ಬದಲು, "ಖಾಲಿ ಗಾಡಿ, ನಿಂತಲ್ಲೇ 10 ನಿಮಿಷ ನೋಡಿದೆ, ದೂರು ಕಾಣಲಿಲ್ಲ, ಲೋಡಿನಲ್ಲಿ ನೋಡಿಲ್ಲ" ಅಂತ ಬರೆಯಬಹುದು. ಒಂದು ಸಾಲು ಹೆಚ್ಚು, ಅಷ್ಟೆ. ಸಂಬಳ ಹಿಡಿಯಲು ಕೂತ ಮಾಲೀಕ ಅದನ್ನು ಓದಿ ಒಂದು ಫೋನಾದರೂ ಮಾಡಿಯಾನು.