ಪರರ ಬದುಕಿಗೆ ಕೊಟ್ಟ ಹೊತ್ತು

ಕಾದಂಬರಿ ಓದುವ ಮಕ್ಕಳನ್ನು ಹಿರಿಯರು ಗದರಿಸುತ್ತಿದ್ದ ಕಾಲವೊಂದಿತ್ತು. ಪಾಠದ ಪುಸ್ತಕ ಬಿಟ್ಟು ಕತೆ ಪುಸ್ತಕ ಹಿಡಿದಿದ್ದಾನೆ ಎಂಬುದು ಗಂಡುಮಕ್ಕಳ ಮೇಲಿನ ದೂರು. ಹೆಣ್ಣುಮಕ್ಕಳ ಮೇಲಿನ ಅಪವಾದ ಇನ್ನೂ ದೊಡ್ಡದು: ಕಾದಂಬರಿ ಓದಿದರೆ ತಲೆ ಕೆಡುತ್ತದೆ, ಸಂಸಾರಕ್ಕೆ ಒಗ್ಗುವುದಿಲ್ಲ. ಆದರೂ ಮಕ್ಕಳು ಓದಿದರು. ಅಟ್ಟದ ಮೇಲೆ ಕೂತು ಓದಿದರು, ಭೂಗೋಳದ ಪುಸ್ತಕದೊಳಗೆ ಅಡಗಿಸಿಕೊಂಡು ಓದಿದರು, ಚಿಮಣಿ ದೀಪ ಆರಿಸು ಎಂಬ ಕೂಗು ಎರಡನೆಯ ಸಲ ಕೇಳುವ ತನಕ ಓದಿದರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಹೊಟ್ಟೆಪಾಡಿಗೆ ಮುಂಬಯಿಗೆ ಬಂದರು. ಹೋಟೆಲು, ಬ್ಯಾಂಕು, ಮಿಲ್ಲು, ಕಾರ್ಖಾನೆಗಳಲ್ಲಿ ದುಡಿದರು. ನಗರದೊಳಗೆ ಜಾಗ ಸಿಗದೆ ಡೊಂಬಿವಲಿ, ಕಲ್ಯಾಣ್, ಥಾಣೆಗಳಲ್ಲಿ, ಆಮೇಲೆ ನವಿಮುಂಬಯಿಯಲ್ಲಿ ಮನೆ ಮಾಡಿದರು. ಆ ಪೀಳಿಗೆಗೆ ಈಗ ಎಪ್ಪತ್ತು ದಾಟಿದೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಡಾಕ್ಟರನ್ನು ಮೊದಲು ಕೇಳುವುದು, ಓದಲು ಯಾವಾಗ ಶುರು ಮಾಡಬಹುದು ಎಂದು. ಬಾಲ್ಯದಲ್ಲಿ ಹತ್ತಿದ ಪ್ರೀತಿಯೊಂದು ಹೀಗೆ ಇಳಿವಯಸ್ಸಿನವರೆಗೂ ಬಿಡದೆ ಬರುತ್ತದೆಂದರೆ ಅದನ್ನು ಬರೀ ಹವ್ಯಾಸ ಎಂದು ತಳ್ಳಿಹಾಕುವಂತಿಲ್ಲ. ಅದು ಮನುಷ್ಯನಿಗೆ ಏನು ಮಾಡುತ್ತದೆ ಎಂದು ಕೇಳಿಕೊಳ್ಳಲೇಬೇಕು.

ನನಗೆ ಕಂಡ ಉತ್ತರ ಇಷ್ಟು: ನಮಗೆ ಏನೇನೂ ಸಂಬಂಧವಿಲ್ಲದ ಒಬ್ಬರ ಬದುಕಿಗೆ ನಮ್ಮ ಹೊತ್ತು ಕೊಡುವುದನ್ನು ಕಾದಂಬರಿ ಕಲಿಸುತ್ತದೆ. ಪತ್ರಿಕೆಯ ಸುದ್ದಿ ನಾಲ್ಕು ಸಾಲಿನಲ್ಲಿ ಒಬ್ಬನ ಕತೆ ಮುಗಿಸುತ್ತದೆ. ಓದಿದ ಕೂಡಲೇ ನಾವು ತೀರ್ಪು ಕೊಟ್ಟು ಪುಟ ಮಗುಚುತ್ತೇವೆ. ಕಾದಂಬರಿ ಅಷ್ಟು ಸುಲಭಕ್ಕೆ ನಮ್ಮನ್ನು ಬಿಡುವುದಿಲ್ಲ. ಕಾರಂತರ 'ಮರಳಿ ಮಣ್ಣಿಗೆ'ಯನ್ನೇ ನೆನೆಯಿರಿ. ಕೋಡಿಯ ಕಡಲತೀರದ ಒಂದು ಮನೆ, ಮೂರು ತಲೆಮಾರು. ಪಾರೋತಿ, ಸರಸೋತಿಯರ ಹಗಲೂ ರಾತ್ರಿಯೂ ಮುಗಿಯದ ದುಡಿಮೆ. ಅಂಥ ಹೆಂಗಸರು ನಮ್ಮ ಎಲ್ಲರ ಊರುಗಳಲ್ಲೂ ಇದ್ದರು. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಿದ್ದೇವೆಯೇ ಹೊರತು ನಿಂತು ನೋಡಿದವರಲ್ಲ. ಕಾದಂಬರಿ ನಮ್ಮನ್ನು ಅವರ ಜಗಲಿಯಲ್ಲಿ ಕೂರಿಸಿತು. ಲಚ್ಚನಂಥ ಮಗನ ಮೇಲೆ ಸಿಟ್ಟು ಉಕ್ಕುತ್ತದೆ, ನಾಗವೇಣಿಯ ಕಷ್ಟಕ್ಕೆ ಮನಸ್ಸು ಕರಗುತ್ತದೆ. ಆದರೆ ಪುಸ್ತಕ ಮುಚ್ಚುವ ಹೊತ್ತಿಗೆ ಲಚ್ಚನನ್ನು ಬೈದು ಮುಗಿಸಿದರೆ ಸಾಲದು ಎನ್ನಿಸಿರುತ್ತದೆ. ಅವನು ಹೀಗಾದದ್ದರಲ್ಲಿ ಆ ಮನೆಯ ಮುದ್ದಿನದೂ ಪಾಲಿದೆ, ಅವನ ಓದಿನ ಮೇಲೆ ಅಪ್ಪ ಕಟ್ಟಿದ ಆಸೆಯದೂ ಪಾಲಿದೆ ಎಂದು ನಮಗೇ ಹೊಳೆದಿರುತ್ತದೆ. ಇಷ್ಟು ದೂರ ಒಬ್ಬ ಮನುಷ್ಯನ ಜೊತೆ ನಡೆದವರು ಅವನನ್ನು ಒಂದೇ ಮಾತಿನಲ್ಲಿ ಅಳೆಯಲಾರರು.

ಈ ಶಿಕ್ಷಣ ನಮಗೆ ಪುಕ್ಕಟೆ ಸಿಕ್ಕಿತು. ಕೊಟ್ಟವರು ಯಾರು ಎಂದು ಯೋಚಿಸಿದರೆ ಋಣದ ಪಟ್ಟಿ ಉದ್ದವಾಗುತ್ತದೆ. ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯನ್ನು ಪ್ರಕಟಿಸಿದ್ದು 1899ರಲ್ಲಿ. ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಅಂಚೆಯಲ್ಲಿ ಪುಸ್ತಕ ಮುಟ್ಟಿಸುವ ಏರ್ಪಾಡು ಮಾಡಿತು. ಅನಕೃ, ತರಾಸು, ತ್ರಿವೇಣಿಯವರು ಓದುಗರ ಕೈಗೆ ಒಂದರ ಹಿಂದೊಂದು ಕಾದಂಬರಿ ಇಟ್ಟರು.

ಪುಸ್ತಕ ಕೊಳ್ಳುವ ಶಕ್ತಿ ಇಲ್ಲದ ಮನೆಗಳಲ್ಲಿ ಹೆಂಗಸರೇ ಪುಸ್ತಕ ಮಾಡಿದರು. 'ಸುಧಾ', 'ಪ್ರಜಾಮತ', ಆಮೇಲೆ 'ತರಂಗ'ದಲ್ಲಿ ವಾರವಾರ ಬರುತ್ತಿದ್ದ ಧಾರಾವಾಹಿಯ ಪುಟಗಳನ್ನು ಬಿಡಿಸಿ ಇಟ್ಟುಕೊಳ್ಳುವರು. ಕಂತುಗಳೆಲ್ಲ ಮುಗಿದ ಮೇಲೆ ದಬ್ಬಣದಲ್ಲಿ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟಿಗೆ ಮೈದಾ ಅಂಟು ಬಳಿದು ಹೊದಿಕೆ ಹಾಕುವರು. ಪುಟದ ಒಂದು ಮಗ್ಗುಲಲ್ಲಿ ನಾಯಕಿಯ ಕಣ್ಣೀರು, ಇನ್ನೊಂದು ಮಗ್ಗುಲಲ್ಲಿ ಅರ್ಧ ಕತ್ತರಿಸಿದ ಸಾಬೂನಿನ ಜಾಹೀರಾತು. ಯಾವುದೋ ವಾರದ ಸಂಚಿಕೆ ತಪ್ಪಿದ್ದರೆ ಆ ಕಂತಿನಲ್ಲಿ ನಡೆದದ್ದನ್ನು ಅಮ್ಮನೋ ಚಿಕ್ಕಮ್ಮನೋ ಬಾಯಲ್ಲಿ ಹೇಳಿ ತುಂಬಿಸುತ್ತಿದ್ದರು. ಇಂಥ ಹೊಲಿದ ಕಾದಂಬರಿಗಳು ಬಸ್ಸಿನಲ್ಲಿ ಘಾಟಿ ದಾಟಿದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಿದ ಮೇಲೆ ಕುಚ್ಚಲಕ್ಕಿ, ಉಪ್ಪಿನಕಾಯಿ, ಹಪ್ಪಳದ ಜೊತೆಗೆ ಪನ್ವೇಲಿನಲ್ಲೋ ಥಾಣೆಯಲ್ಲೋ ಇಳಿದವು. ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ, ಕಪಾಟಿಗೆ ಜಾಗವಿಲ್ಲದೆ, ಮಂಚದ ಅಡಿಯ ಟ್ರಂಕಿನಲ್ಲಿ ಅವು ಉಳಿದವು. ಅಂಥ ಟ್ರಂಕು ಇದ್ದ ಮನೆಯ ಮಗು ತನಗೆ ಗೊತ್ತಿಲ್ಲದೆಯೇ ಒಂದು ಆಸ್ತಿಗೆ ವಾರಸುದಾರ ಆಗುತ್ತಿತ್ತು.

ದೊಡ್ಡವರಾದ ಮೇಲೆ ಓದಲು ಸಿಕ್ಕ ಜಾಗ ಲೋಕಲ್ ರೈಲು. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆ ಹಳಿಯ ಮೇಲೆಯೇ ನಮ್ಮವರ ಆಯುಷ್ಯದ ದೊಡ್ಡ ಪಾಲು ಸವೆಯಿತು. ಡೊಂಬಿವಲಿಯಿಂದ ವಿ.ಟಿ. ನಿಲ್ದಾಣಕ್ಕೆ ಹೆಚ್ಚುಕಡಿಮೆ ಐವತ್ತು ಕಿಲೋಮೀಟರು, ದಿನಕ್ಕೆ ಎರಡು ಸಲ. ಕೂರಲು ಜಾಗ ಸಿಕ್ಕಿದ ದಿನ ಅಧ್ಯಾಯ ಮುಗಿಯುತ್ತಿತ್ತು, ನಿಂತ ದಿನ ಮಡಚಿ ಹಿಡಿದ ಪುಸ್ತಕದಲ್ಲಿ ನಾಲ್ಕು ಪುಟ. ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗ ಹೊಕ್ಕಾಗ ಗಾಳಿ ಹಾಳೆಗಳನ್ನು ತಾನೇ ಮಗುಚುತ್ತಿತ್ತು. ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಓದು ಮುಂದುವರಿಸಬೇಕಿತ್ತು.

ಆ ರೈಲಿನಲ್ಲಿ ಯಶವಂತ ಚಿತ್ತಾಲರ 'ಶಿಕಾರಿ' ಓದಿದವರಿಗೆ ಅದು ಎಲ್ಲೋ ನಡೆದ ಕತೆ ಅನ್ನಿಸಲಿಲ್ಲ. ಚಿತ್ತಾಲರು ಹನೇಹಳ್ಳಿಯಿಂದ ಬಂದು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. 1979ರ ಆ ಕಾದಂಬರಿಯ ನಾಗಪ್ಪನೂ ಅಂಥದೇ ಕಂಪನಿಯ ನೌಕರ. ತನ್ನ ಮೇಲಿನ ಆರೋಪವೇನು, ಹೊರಿಸಿದವರು ಯಾರು ಎಂದು ತಿಳಿಯದೆ, ಒಂದು ಕಾಗದದಿಂದ ಅವನ ನೆಮ್ಮದಿ ಕದಡುತ್ತದೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದಲ್ಲಿ, ಥಾಣೆ-ಬೇಲಾಪುರ ಪಟ್ಟಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದ ಕನ್ನಡಿಗರಿಗೆ ಅಂಥ ಕಾಗದದ ಭಯ ಗೊತ್ತಿತ್ತು, ಹೇಳಿಕೊಳ್ಳಲು ಮಾತು ಇರಲಿಲ್ಲ. ಚಿತ್ತಾಲರು ಆ ಮಾತು ಕೊಟ್ಟರು. ಕಾರ್ಮಿಕ ಸಂಘಗಳ ಜಗತ್ತನ್ನು ವ್ಯಾಸರಾಯ ಬಲ್ಲಾಳರು 'ಬಂಡಾಯ'ದಲ್ಲಿ ತೆರೆದಿಟ್ಟಾಗ ಮಿಲ್ಲಿನ ಕೆಲಸ ಕಳೆದುಕೊಂಡವರ ಮನೆಗಳ ಮೌನವೂ ಅರ್ಥವಾಗತೊಡಗಿತು. ನಮ್ಮದೇ ನೋವು ಇನ್ನೊಬ್ಬನ ಹೆಸರಿನಲ್ಲಿ ಬರೆದಿರುವುದನ್ನು ಕಂಡಾಗ, ನಾವು ಒಬ್ಬರೇ ಅಲ್ಲ ಎಂಬ ಧೈರ್ಯ ಹುಟ್ಟುತ್ತದೆ. ಆ ಧೈರ್ಯದಿಂದಲೇ ಪಕ್ಕದವರ ನೋವಿನ ಕಡೆ ತಿರುಗಿ ನೋಡುವ ಮನಸ್ಸೂ ಬರುತ್ತದೆ.

ಪಕ್ಕದವರು ಎಂದರೆ ಇಲ್ಲಿ ಮರಾಠಿಗರು, ಗುಜರಾತಿಗಳು, ಸಿಂಧಿಗಳು, ತಮಿಳರು, ಉತ್ತರದಿಂದ ಬಂದವರು. ಸಂಜೆಯ ಮಹಿಳಾ ಡಬ್ಬಿಯಲ್ಲಿ ಒಬ್ಬಾಕೆ ಮೆಂತೆಸೊಪ್ಪು ಬಿಡಿಸುತ್ತಾಳೆ, ಇನ್ನೊಬ್ಬಾಕೆ ಅರ್ಧ ಸೀಟಿಗಾಗಿ ಜಗಳಕ್ಕೆ ನಿಲ್ಲುತ್ತಾಳೆ. ನೂಕುನುಗ್ಗಲಿನಲ್ಲಿ ಪಕ್ಕದವರು ಬರೀ ಮೊಣಕೈ, ಬರೀ ಚೀಲ ಆಗಿಬಿಡುವುದು ಬಹಳ ಸುಲಭ. ಕಾದಂಬರಿ ಓದಿದವರು ಅಲ್ಲಿ ಒಂದು ಕ್ಷಣ ತಡೆಯುತ್ತಾರೆ. ಈ ಜಗಳಗಂಟಿಯ ಹಿಂದೆ ಏನೋ ಇದೆ, ಇವಳ ಕತೆಯ ಕೊನೆಯ ಪುಟ ಮಾತ್ರ ನನ್ನ ಕಣ್ಣಿಗೆ ಬಿದ್ದಿದೆ ಎಂದುಕೊಳ್ಳುತ್ತಾರೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿರಬಹುದು, ಬೆಳಗ್ಗೆ ನಾಲ್ಕಕ್ಕೆ ಎದ್ದು ನೀರು ಹಿಡಿದಿರಬಹುದು. ತೀರ್ಪನ್ನು ಒಂದು ಕ್ಷಣ ಮುಂದಕ್ಕೆ ಹಾಕುವ ಈ ಗುಣವೇ ಓದಿನ ಫಲ. ಅದು ದೊಡ್ಡ ತ್ಯಾಗವೇನಲ್ಲ, ಆದರೆ ಮಹಾನಗರದಲ್ಲಿ ಮನುಷ್ಯರು ಮನುಷ್ಯರಾಗಿ ಉಳಿಯಲು ಬೇಕಾದದ್ದು ಅದೇ.

ಈ ಊರುಗಳ ಭಾಗ್ಯವೆಂದರೆ ಇಲ್ಲಿ ಓದಿಗೆ ಮರ್ಯಾದೆಯಿದೆ. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರಷ್ಟು ಹಳೆಯದು. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಡೊಂಬಿವಲಿಯಲ್ಲಿ ಪುಂಡಲೀಕ ಪೈ ಅವರು 1986ರಲ್ಲಿ ಶುರು ಮಾಡಿದ ಪೈ ಫ್ರೆಂಡ್ಸ್ ಲೈಬ್ರರಿ ಊರಿನ ಓದುಗರನ್ನು ಬೆಳೆಸಿತು, ಓದಿದ ಪುಸ್ತಕ ಕೊಟ್ಟು ಬೇರೆಯದನ್ನು ಒಯ್ಯುವ ಪುಸ್ತಕ ವಿನಿಮಯದ ಮೇಳವನ್ನೂ ನಡೆಸಿತು. 2017ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಡೊಂಬಿವಲಿಯಲ್ಲಿ. ಇಲ್ಲಿ ಬೆಳೆದ ಕನ್ನಡದ ಮಕ್ಕಳು ಸಾನೆ ಗುರೂಜಿಯವರ 'ಶ್ಯಾಮಚೀ ಆಯಿ' ಓದಿ ಅತ್ತರು. ಶ್ರೀ. ನಾ. ಪೆಂಡಸೆಯವರ ಕೊಂಕಣದ ಊರುಗಳಲ್ಲಿ ತಮ್ಮ ಅಜ್ಜಿಮನೆಯ ಅಡಿಕೆ ತೋಟ ಕಂಡರು. ಇತ್ತ ಭೈರಪ್ಪನವರ ಕಾದಂಬರಿಗಳನ್ನು ಉಮಾ ಕುಲಕರ್ಣಿಯವರು ಮರಾಠಿಗೆ ತಂದರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡದಲ್ಲಿ ಓದಿ ಹೇಳುವುದು, ಇವರು ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯುವುದು. ಹೀಗೆ ಒಂದು ಮನೆಯೊಳಗೆ ನಡೆದ ಓದಿನಿಂದ 'ವಂಶವೃಕ್ಷ', 'ಪರ್ವ'ಗಳು ಮಹಾರಾಷ್ಟ್ರದ ಮನೆಮನೆಯ ಮಾತಾದವು. ಭಾಷೆಯ ಹೆಸರಿನಲ್ಲಿ ಗಡಿಯ ಎರಡೂ ಕಡೆ ದನಿ ಏರಿದಾಗಲೆಲ್ಲ ನನಗೆ ಈ ದಂಪತಿಯ ನೆನಪಾಗುತ್ತದೆ. ಒಬ್ಬರ ಕತೆ ಕೇಳಿಸಿಕೊಂಡವರು ಅವರನ್ನು ಹಗೆಯೆಂದು ಕಾಣುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಒಂದು ಕಠಿಣ ಪ್ರಶ್ನೆಯನ್ನೂ ಎದುರಿಸಬೇಕು. ಓದಿದವರೆಲ್ಲ ಒಳ್ಳೆಯವರಾಗುತ್ತಾರೆಯೇ? ಇಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಓದಿ ಕಣ್ಣೊರೆಸಿಕೊಂಡವರು, ಅದೇ ವಾರ ತಮ್ಮ ಮನೆಯ ಅರಿಶಿನ-ಕುಂಕುಮಕ್ಕೆ ಪಕ್ಕದ ಮನೆಯ ವಿಧವೆಯನ್ನು ಕರೆಯದೆ ಬಿಟ್ಟದ್ದು ನಮ್ಮ ಸಮಾಜದಲ್ಲಿ ಉಂಟು. ಮದುವೆಯೆಂದರೆ ಏನೆಂದು ತಿಳಿಯುವ ಮೊದಲೇ ವಿಧವೆಯಾದ ಫಣಿಯಮ್ಮ ಯಾರನ್ನೂ ಶಪಿಸದೆ ಬದುಕಿದವಳು. ಮಡಿಯ ಕಟ್ಟುಪಾಡು ಮೀರಿ ರಾತ್ರಿಯಲ್ಲಿ ಹೋಗಿ ಹೆರಿಗೆಯ ಸಂಕಟದಲ್ಲಿದ್ದ ಹೆಣ್ಣಿನ ಕೈಹಿಡಿದವಳು. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ದಾಕ್ಷಾಯಣಿಯ ಪರ ನಿಂತವಳು. ಅವಳಿಗಾಗಿ ಅಳುವುದು ಸುಲಭ, ಏಕೆಂದರೆ ಅವಳು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಪಕ್ಕದ ಮನೆಯವಳು ಕೇಳುತ್ತಾಳೆ. ಪುಸ್ತಕದ ದುಃಖಕ್ಕೆ ಕರಗಿದ ಮನಸ್ಸು ಕಣ್ಣೆದುರಿನ ದುಃಖಕ್ಕೆ ಕಲ್ಲಾದರೆ ಆ ಓದು ಅರ್ಧಕ್ಕೇ ನಿಂತಿತೆಂದೇ ಲೆಕ್ಕ. ಕಾದಂಬರಿ ಅಂಬಿಗನ ಹಾಗೆ ನಮ್ಮನ್ನು ಆಚೆ ದಡಕ್ಕೆ ಮುಟ್ಟಿಸುತ್ತದೆ, ಇಳಿದು ನಡೆಯಬೇಕಾದವರು ನಾವು. ಓದಿದ್ದರ ಫಲ ಕಾಣಬೇಕಾದದ್ದು ಸೊಸೆಯ ಜೊತೆಗಿನ ಮಾತಿನಲ್ಲಿ, ಕೆಲಸದಾಕೆಗೆ ಕೊಡುವ ರಜೆಯಲ್ಲಿ, ಬೇರೆ ಜಾತಿಯಲ್ಲಿ ಮದುವೆಯಾಗುತ್ತೇನೆಂದ ಮಗನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆಯಲ್ಲಿ.

ಇನ್ನು ಮಕ್ಕಳ ವಿಚಾರ. ಕನ್ನಡದ ಅಕ್ಷರ ಬಾರದ ಮೊಮ್ಮಕ್ಕಳು ಇಂದು ವಾಶಿ, ನೆರೂಳ್, ಘೋಡ್‌ಬಂದರ್ ರಸ್ತೆಯ ಫ್ಲ್ಯಾಟುಗಳಲ್ಲಿ ಬೆಳೆಯುತ್ತಿದ್ದಾರೆ. ಕನ್ನಡ ಸಂಘಗಳು ಕೈಲಾದಷ್ಟು ದುಡಿಯುತ್ತಿವೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ಕಟ್ಟಿ ನಡೆಸುತ್ತಿದೆ. ಆದರೆ ಕಾದಂಬರಿಯ ಪ್ರೀತಿ ಸಂಘದ ವೇದಿಕೆಯಲ್ಲಿ ಹುಟ್ಟುವುದಿಲ್ಲ, ಮನೆಯಲ್ಲಿ ಹುಟ್ಟುತ್ತದೆ. ಮಕ್ಕಳು ಮೊಬೈಲು ಬಿಡುವುದಿಲ್ಲ ಎಂದು ದೂರುವ ಮನೆಯಲ್ಲಿ ದೊಡ್ಡವರ ಕೈಯಲ್ಲಿ ಪುಸ್ತಕ ಇರುತ್ತದೆಯೇ ಎಂದು ಮೊದಲು ನೋಡಬೇಕು. ಓದಲು ಬಾರದ ಮಗುವಿಗೆ ಕೇಳಲು ಬರುತ್ತದೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ 'ಬೆಟ್ಟದ ಜೀವ'ವನ್ನೋ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿ ಮತ್ತು ಅವನ ನಾಯಿ ಹುಲಿಯನ ಪ್ರಸಂಗವನ್ನೋ ಗಟ್ಟಿಯಾಗಿ ಓದಿ. ಅರ್ಥವಾಗದ ಕಡೆ ಮನೆಮಾತಿನಲ್ಲಿ ಹೇಳಿ. ನಾಯಿಗೆ ಮುಂದೇನಾಯಿತು ಎಂದು ಮರುದಿನ ಮಗು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಮಗು ಮುಂದೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕಾದಂಬರಿ ಓದಿದರೆ ಬೇಸರ ಬೇಡ. ಕತೆಯ ಹಸಿವು ಹುಟ್ಟಿದ ಮಗು ಒಂದಲ್ಲ ಒಂದು ದಿನ ಅಜ್ಜಿಯ ಟ್ರಂಕಿನಲ್ಲಿ ಏನಿದೆ ಎಂದು ಕೇಳಿಯೇ ಕೇಳುತ್ತದೆ. ಆ ದಿನಕ್ಕಾಗಿ ಟ್ರಂಕು ಉಳಿದಿರಬೇಕು. ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ಕನ್ನಡ ಪುಸ್ತಕ ಆಗದಿರಲಿ. ಇಡಲು ಜಾಗವಿಲ್ಲದಿದ್ದರೆ ಸಂಘದ ವಾಚನಾಲಯಕ್ಕೆ ಕೊಡಿ, ಓದುವ ಗೆಳೆಯರಿಗೆ ಕೊಡಿ.

ನಮಗೆ ಗದರಿಕೆಯ ನಡುವೆಯೂ ಕಾದಂಬರಿ ಸಿಕ್ಕಿತು, ಏಕೆಂದರೆ ಯಾರೋ ಬರೆದರು, ಯಾರೋ ಹೊತ್ತು ಮಾರಿದರು, ಯಾರೋ ದಾರದಲ್ಲಿ ಹೊಲಿದು ಇಟ್ಟರು. ಬರೆದವರ ಋಣವನ್ನು ಓದಿ ತೀರಿಸಬಹುದು. ಕೈಗೆ ಪುಸ್ತಕ ಇಟ್ಟವರ ಋಣ ತೀರುವುದು ಇನ್ನೊಂದು ಮಗುವಿನ ಕೈಗೆ ಪುಸ್ತಕ ಇಟ್ಟಾಗ ಮಾತ್ರ. ಈ ಜನಸಾಗರದ ನಡುವೆ ಬೆಳೆಯುವ ಮಗು ಅಪರಿಚಿತರನ್ನು ಕಂಡು ಹೆದರದೆ, ಹೀಗಳೆಯದೆ, ಅವರಿಗೂ ಒಂದು ಕತೆಯಿದೆ ಎಂದು ನಂಬಿ ಬಾಳಬೇಕು ಎಂಬ ಆಸೆ ನಮಗಿದ್ದರೆ ಆ ಕೆಲಸವನ್ನು ಇಂದಿನಿಂದಲೇ ನಮ್ಮ ಮನೆಯಲ್ಲಿ ಶುರು ಮಾಡೋಣ.